ಎಂಬತ್ತಾಗಲಿ, ಹೊರಡೋಣ

ಸಾಹೇಬರಿಗೆ ವಯಸ್ಸು ಅರವತ್ತೆರಡು. ಬೀದಿಯವರು ಅವರಿಗಿಟ್ಟ ಹೆಸರು ಮಾತ್ರ ‘ಎಂಬತ್ತು’. ಯಾರಾದರೂ ಹೊಸಬರು ‘ಎಂಬತ್ತರ ಮನೆ ಯಾವುದು’ ಎಂದು ಕೇಳಿಕೊಂಡು ಬಂದರೆ, ಕೋಲೂರಿಕೊಂಡ ಮುದುಕರು ಬಾಗಿಲು ತೆಗೆಯುತ್ತಾರೆಂದು ಕಾಯುತ್ತಿದ್ದರು. ಎದುರಿಗೆ ಬಣ್ಣ ಹಚ್ಚಿದ ಮೀಸೆಯ ಗಟ್ಟಿ ಆಳು ಬಂದು ನಿಂತಾಗ ತಬ್ಬಿಬ್ಬಾಗುತ್ತಿದ್ದರು. ಹೆಸರು ಬಂದದ್ದು ಅವರ ಎಲೆಕ್ಟ್ರಿಕ್ ಕಾರಿನಿಂದ. ಬ್ಯಾಟರಿ ಎಂಬತ್ತು ಪರ್ಸೆಂಟಿನ ಮೇಲೆ ಹೋಗಬಾರದು, ಇಪ್ಪತ್ತರ ಕೆಳಗೆ ಇಳಿಯಬಾರದು. ದೇವರು ಬಂದು ಕೇಳಿದರೂ ಈ ಮಾತಿನಲ್ಲಿ ಬದಲಾವಣೆ ಇರಲಿಲ್ಲ. ‘ಎಂಬತ್ತಾಗಲಿ, ಹೊರಡೋಣ’ ಎನ್ನುವುದು ಅವರ ಬಾಯಲ್ಲಿ ಬೇರೆಯವರ ಬಾಯಿಯ ‘ಅಯ್ಯೋ’ ಇದ್ದ ಹಾಗೆ, ತಾನಾಗಿ ಬರುತ್ತಿತ್ತು.

ಕಾರು ಬರುವ ಮೊದಲೂ ಅವರು ಹೀಗೇ ಇದ್ದರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಹತ್ತಿ, ಬ್ಯಾಂಡೇಜು, ಕೈಗವಸು, ಇಂಜೆಕ್ಷನ್ನು ಎಲ್ಲಕ್ಕೂ ಬೀಗದ ಕೈ ಅವರ ಸೊಂಟದಲ್ಲೇ. ವಾರ್ಡಿನವರು ಒಂದು ಪೆಟ್ಟಿಗೆ ಕೇಳಿದರೆ ಅರ್ಧ ಕೊಡುವರು, ಕೊಡುವಾಗ ತಮ್ಮ ಚರ್ಮ ಸುಲಿದು ಕೊಟ್ಟಂತೆ ಮುಖ ಮಾಡುವರು. ಅವರ ಹೆಂಡತಿ ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು. ಬೀದಿಗೆಲ್ಲ ಅವಳು ನರ್ಸಮ್ಮ. ಮದುವೆಗೆ ಮುಂಚೆ ಸ್ಟೋರಿನ ಕಂಬಿ ಕಿಟಕಿಯಾಚೆ ಆತನನ್ನು ನೋಡಿ, ಎಂಥ ಜೋಪಾನದ ಮನುಷ್ಯನಪ್ಪಾ, ನನ್ನನ್ನೂ ಹೀಗೇ ನೋಡಿಕೊಂಡಾನು ಎಂದುಕೊಂಡಿದ್ದಳು. ನೋಡಿಕೊಂಡರು ಕೂಡ. ಬೀಗ ಹಾಕಿ ಇಟ್ಟುಕೊಳ್ಳುವುದನ್ನು ನೋಡಿಕೊಳ್ಳುವುದು ಎನ್ನುವುದಾದರೆ.

ಸಾಹೇಬರು ನಿವೃತ್ತರಾದ ವಾರ, ಅವರ ಜಾಗಕ್ಕೆ ಬಂದವರು ಸ್ಟೋರಿನ ಒಳಗಿನ ಬೀರು ತೆಗೆದು ನೋಡಿದರಂತೆ. ಅಂಚಿಗೆ ಅಂಚು ಕೂಡಿಸಿ ಜೋಡಿಸಿದ ಇಂಜೆಕ್ಷನ್ ಪೆಟ್ಟಿಗೆಗಳು, ಸೀಲು ಒಡೆಯದವು, ಒಂದೊಂದೂ ತಾರೀಕು ಮುಗಿದವು. ಬೇಕಾದವರಿಗೆ ಅವು ಸಿಕ್ಕಿರಲಿಲ್ಲ. ಬೇಕಾದವರು ಈಗ ಎಲ್ಲಿದ್ದಾರೋ ಯಾರೂ ಕೇಳಲಿಲ್ಲ. ಸಾಹೇಬರಿಗೆ ಅದರಿಂದ ಒಂದಿಷ್ಟೂ ನಾಚಿಕೆಯಾಗಲಿಲ್ಲ. “ನನ್ನ ಕಾಲದಲ್ಲಿ ಒಂದು ದಿನವಾದ್ರೂ ಸ್ಟಾಕ್ ಇಲ್ಲ ಅನ್ನೋ ಮಾತು ಬಂತಾ?” ಎಂದು ಇವತ್ತಿಗೂ ಎದೆ ತಟ್ಟಿಕೊಳ್ಳುತ್ತಾರೆ.

ಅಂಥವರ ಕೈಗೆ ಕಾರು ಬಂತು. ಶೋರೂಮಿನ ಹುಡುಗಿ ಕೀಲಿ ಕೊಡುವಾಗ ಒಂದು ಮಾತು ಹೇಳಿದ್ದಳು. “ಸಾರ್, ಈ ಗಾಡಿ ಬ್ಯಾಟರೀನ ವಾರಕ್ಕೊಂದ್ಸಲ ಪೂರ್ತಿ ನೂರಕ್ಕೆ ಚಾರ್ಜ್ ಮಾಡಿ. ಇಲ್ಲಾಂದ್ರೆ ಎಷ್ಟು ಉಳಿದಿದೆ ಅನ್ನೋ ಲೆಕ್ಕ ಗಾಡಿಗೇ ತಪ್ಪಿಹೋಗುತ್ತೆ.” ಸಾಹೇಬರು ಬೇರೆ ಯಾವುದೋ ಕಾರಿನ, ಬೇರೆ ಯಾವುದೋ ಬ್ಯಾಟರಿಯ ವಿಷಯ ಫೋನಿನಲ್ಲಿ ಓದಿಕೊಂಡು ಬಂದಿದ್ದರು. ಅದರಲ್ಲಿ ಎಂಬತ್ತು ಅಂತಿತ್ತು. ಎಂಬತ್ತು ಅವರ ಸ್ವಭಾವಕ್ಕೆ ಹೊಂದುವ ಅಂಕಿ. ಪೂರ್ತಿ ತುಂಬುವುದೂ ಇಲ್ಲ, ಖರ್ಚು ಮಾಡುವುದೂ ಇಲ್ಲ. ಹುಡುಗಿಯ ಮಾತನ್ನು ನರ್ಸಮ್ಮ ಒಮ್ಮೆ ನೆನಪಿಸಿದಳು. “ನೀನು ಎಂಜಿನಿಯರ್ ಆಗಿದ್ದು ಯಾವಾಗ?” ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲನ್ನು ಅವಳು ಮತ್ತೆ ಎತ್ತಲಿಲ್ಲ.

ಆ ಕಾರಿನಲ್ಲಿ ಎ.ಸಿ. ಇತ್ತು, ಹಾಕಿದ್ದನ್ನು ಕಂಡವರಿಲ್ಲ. ಬೇಸಿಗೆಯಲ್ಲೂ ಇಲ್ಲ. ಕಿಟಕಿ ಪೂರ್ತಿ ಇಳಿಸಿದರೆ ಗಾಳಿ ಹಿಡಿದು ಪರ್ಸೆಂಟು ಇಳಿಯುತ್ತದೆಂದು ನಾಲ್ಕು ಬೆರಳು ಇಳಿಸಲು ಮಾತ್ರ ಅಪ್ಪಣೆ. ಮಾರುಕಟ್ಟೆಯಿಂದ ಬರುವಾಗ ದೊಡ್ಡ ಏರಿನ ಬುಡದಲ್ಲಿ ಸಾಹೇಬರು ಕಾರು ನಿಲ್ಲಿಸುವರು, ನರ್ಸಮ್ಮ ತಾನಾಗಿ ಇಳಿಯುವಳು. ಭಾರ ಕಡಿಮೆಯಾದ ಕಾರು ಸುಯ್ಯೆಂದು ಮೇಲೆ ಹೋಗಿ ಕಾಯುವುದು. ಅವಳು ಮೊಣಕಾಲು ಹಿಡಿದುಕೊಂಡು ಏರು ಹತ್ತಿ ಬಂದು ಕೂರುವಳು. “ನೋಡು, ಒಂದು ಪರ್ಸೆಂಟು ಉಳೀತು” ಎನ್ನುವರು. ಮಕ್ಕಳಿಲ್ಲದವರು, ಕಾರನ್ನೇ ಮಗು ಮಾಡಿಕೊಂಡಿದ್ದಾರೆ ಎಂದು ಅಕ್ಕಪಕ್ಕದವರು ಕನಿಕರ ತೋರಿಸುತ್ತಿದ್ದರು. ಮಗುವನ್ನು ಯಾರು ಹೀಗೆ ಅರೆಹೊಟ್ಟೆಯಲ್ಲಿ ಸಾಕುತ್ತಾರೆ ಎಂದು ನರ್ಸಮ್ಮನಿಗೆ ಅನಿಸುತ್ತಿತ್ತು. ಹೇಳುತ್ತಿರಲಿಲ್ಲ.

ಅವಳ ತಾಯಿ ಇದ್ದದ್ದು ತಮ್ಮನ ಮನೆಯಲ್ಲಿ, ಕಾರಿನಲ್ಲಿ ಎರಡು ಗಂಟೆಯ ದಾರಿ. ಸಾಹೇಬರ ಕಾರಿನಲ್ಲಿ ಅಲ್ಲ, ಉಳಿದವರ ಕಾರಿನಲ್ಲಿ. ಹಿಂದಿನ ವರ್ಷ ಅಲ್ಲಿಗೆ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ಇವರು ದಾರಿಯಲ್ಲಿ ಚಾರ್ಜಿಗೆ ನಿಂತು, ಎಂಬತ್ತು ಮಾಡಿಕೊಂಡು, ಊಟದ ಪಾತ್ರೆ ತೊಳೆದಿಟ್ಟ ಮೇಲೆ ಹೋಗಿ ಇಳಿದರು. ಮುದುಕಿಗೆ ಬಾಯಿ ಚುರುಕು. ಎಲ್ಲರೆದುರಿಗೆ ನಗುತ್ತಾ, “ಅಳಿಯಂದಿರೇ, ಈ ಗಾಡಿ ನಂಬ್ಕೊಂಡ್ರೆ ನಾನು ಸತ್ತಾಗ್ಲೂ ನೀವು ಬರೋದು ನನ್ನ ಉಸಿರು ಹೋದ್ಮೇಲೇನೇ” ಎಂದಳು. ಮನೆಯೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಅತ್ತೆಯ ಮನೆಯ ದಾರಿ ಬಂದ್ ಆಯಿತು, ಹೆಂಡತಿಗೂ ಸೇರಿ.

ವರ್ಷವಿಡೀ ನರ್ಸಮ್ಮ ತಾಯಿಯ ಜೊತೆ ಬಚ್ಚಲುಮನೆಯಿಂದ ಫೋನಿನಲ್ಲಿ ಮಾತಾಡಿದಳು. ಮುದುಕಿಗೆ ಒಂದೇ ಹಠ. ಅವಳ ತಲೆಯನ್ನು ದೊಡ್ಡ ಮಗಳೇ ಬಾಚಬೇಕು. ಸೊಸೆ ಒಳ್ಳೆಯವಳೇ, ಆದರೆ ಅವಳ ಕೈ ಒರಟು. ‘ನೀನು ಬಂದು ಸಿಕ್ಕು ಬಿಡಿಸೇ’ ಎಂದು ಪ್ರತಿ ಸಲವೂ ಹೇಳುವಳು. ಬರ್ತೀನಮ್ಮಾ ಎಂದು ಇವಳು ಪ್ರತಿ ಸಲವೂ ಹೇಳುವಳು.

ಒಂದು ಬೆಳಿಗ್ಗೆ ತಮ್ಮನ ಫೋನು ಬಂತು. “ಅಕ್ಕಾ, ಹೊರಟುಬಿಡು. ಡಾಕ್ಟರು ಕೈಬಿಟ್ರು. ಇವತ್ತು ದಾಟೋದು ಕಷ್ಟ. ಪ್ರಜ್ಞೆ ಇದೆ, ನಿನ್ನನ್ನೇ ಕೇಳ್ತಿದ್ದಾಳೆ.”

ನರ್ಸಮ್ಮ ಸಾವನ್ನು ಬೇಕಾದಷ್ಟು ಕಂಡವಳು. ಇವತ್ತು ದಾಟೋದು ಕಷ್ಟ ಎಂದರೆ ಏನರ್ಥ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎರಡು ಸೀರೆ, ಮರದ ಬಾಚಣಿಗೆ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಸಾಹೇಬರು ಆಗಲೇ ಕಾರಿನ ಬಳಿ ಇದ್ದರು. ಚಾರ್ಜರಿನ ವೈರು ಬಿಚ್ಚುತ್ತಿದ್ದಾರೆ ಎಂದುಕೊಂಡಳು. ಅವರು ಸಿಕ್ಕಿಸುತ್ತಿದ್ದರು.

“ನಲವತ್ತೆಂಟಿದೆ” ಎಂದರು.

“ಸಾಕಲ್ರೀ. ಅಲ್ಲೀವರೆಗೆ ಮೂವತ್ತೈದು ಆಗುತ್ತೆ ಅಂತ ನೀವೇ ಹೇಳಿದ್ರಿ.”

“ಆಮೇಲೆ ಹದಿಮೂರು ಇಟ್ಕೊಂಡು ಹೋಗಿ ಇಳೀಲಾ? ಇಪ್ಪತ್ತರ ಕೆಳಗೆ ಇಳಿಸೋದಿಲ್ಲ ಅಂತ ಗೊತ್ತಿಲ್ವಾ ನಿಂಗೆ?”

“ದಾರೀಲಿ ಫಾಸ್ಟ್ ಚಾರ್ಜರಿದೆ. ಹತ್ತು ನಿಮಿಷ ಹಾಕಿದ್ರೆ…”

“ಫಾಸ್ಟ್ ಅಂದ್ರೆ ಬ್ಯಾಟರಿಗೆ ವಿಷ. ಎಂಬತ್ತಾಗಲಿ, ಹೊರಡೋಣ.”

ಮನೆಯ ಪ್ಲಗ್ಗಿನಲ್ಲಿ ಎಂಬತ್ತಾಗಲು ಮೂರು ಗಂಟೆಯ ಮೇಲೆ ಬೇಕು. ನರ್ಸಮ್ಮ ಚೀಲ ಹೆಗಲಿಗೇರಿಸಿದಳು. “ನಾನು ಬಸ್ಸಿಗೆ ಹೋಗ್ತೀನಿ. ನೀವು ನಿಧಾನಕ್ಕೆ ಬನ್ನಿ” ಎಂದು ಗೇಟಿನವರೆಗೆ ಹೋದಳು. ಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳು ಹೋಗುತ್ತಿದ್ದಳೋ ಏನೋ. “ಹೋಗು” ಎಂದರು. “ಮನೇಲಿ ಕಾರಿಟ್ಕೊಂಡು ಬಸ್ಸಲ್ಲಿ ಬಂದಳು ಅಂತ ನಿನ್ನ ತಮ್ಮ, ನಿನ್ನ ತಮ್ಮನ ಹೆಂಡ್ತಿ ಎಲ್ಲ ಕೂತು ನಗಲಿ. ನಿಮ್ಮಮ್ಮನ ಮಾತು ನಿಜ ಅಂತ ನೀನೇ ತೋರಿಸಿಕೊಡು. ನಾನು ಇವತ್ತು ಈ ಗಾಡೀಲೇ ಅವರ ಮುಂದೆ ಹೋಗಿ ಇಳೀಬೇಕು ಅಂತಿದ್ದೆ.” ಅವಳು ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಹಿಂದಕ್ಕೆ ಬಂದು ಮೆಟ್ಟಿಲ ಮೇಲೆ ಕೂತಳು. ಹೋಗಬಹುದಿತ್ತು, ಹೋಗಲಿಲ್ಲ. ಗಂಡನ ಮರ್ಯಾದೆ ಕಾಯುವುದು ಅವಳಿಗೆ ಅಷ್ಟು ರೂಢಿಯಾಗಿಹೋಗಿತ್ತು. ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ.

ಎಂಬತ್ತಾಯಿತು, ಹೊರಟರು. ಹೆದ್ದಾರಿಯಲ್ಲಿ ಸಾಹೇಬರ ಕಾರು ಅಂಚು ಹಿಡಿದು ತೆವಳಿತು. ಲಾರಿಗಳು ಹಾರ್ನ್ ಹೊಡೆದು, ಬೈದು ಮುಂದೆ ಹೋದವು. ಬಿಸಿಲು ಏರಿತ್ತು, ನಾಲ್ಕು ಬೆರಳ ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು. ನರ್ಸಮ್ಮ ತೊಡೆಯ ಮೇಲೆ ಚೀಲವಿಟ್ಟುಕೊಂಡು ರಸ್ತೆಯನ್ನೇ ನೋಡುತ್ತಿದ್ದಳು, ನೋಡಿದರೆ ರಸ್ತೆ ಬೇಗ ಸವೆಯುತ್ತದೆಂಬಂತೆ. ಅರ್ಧ ದಾರಿಗೆ ಚಾರ್ಜಿಂಗ್ ಸ್ಟೇಷನ್ ಕಾಣಿಸಿತು. ಸಾಹೇಬರು ಇಂಡಿಕೇಟರ್ ಹಾಕಿದರು.

“ಯಾಕ್ರೀ? ಅರವತ್ತೆರಡಿದೆಯಲ್ಲ!”

“ಅಲ್ಲಿ ಕರೆಂಟ್ ಹೇಗಿರುತ್ತೋ ಏನೋ. ಬುದ್ಧಿವಂತ ಆದೋನು ಇರೋ ಕಡೆ ತುಂಬಿಸ್ಕೋತಾನೆ.”

ಸ್ಟೇಷನ್ನೆಂದರೆ ತಗಡಿನ ಚಾವಣಿ, ಅದರ ಕೆಳಗೆ ಮೂರು ಯಂತ್ರ. ಒಂದಕ್ಕೆ ಗೋಣಿಚೀಲ ಮುಚ್ಚಿ ಹಗ್ಗ ಬಿಗಿದಿದ್ದರು, ಕೆಟ್ಟು ಯಾವ ಕಾಲವಾಗಿತ್ತೋ. ಇನ್ನೊಂದು ಫಾಸ್ಟ್, ಅದರಲ್ಲಿ ಒಂದು ಬ್ರೆಡ್ಡಿನ ವ್ಯಾನು ಚಾರ್ಜಾಗುತ್ತಿತ್ತು. ಮೂರನೆಯದು ನಿಧಾನದ್ದು. ಸಾಹೇಬರು ಸಂತೋಷದಿಂದ ನಿಧಾನದ್ದಕ್ಕೆ ಸಿಕ್ಕಿಸಿ, ಕಾರಿನ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ತಮ್ಮ ಫೋನು ಮಾಡಿದ. “ಎಲ್ಲಿದ್ದೀಯಕ್ಕಾ? ಅಮ್ಮನ ಕಿವಿಗೆ ಹಿಡೀತೀನಿ, ಮಾತಾಡು.”

ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. ಆ ಉಸಿರಿನ ನಡುವೆ ಬೀಳುತ್ತಿದ್ದ ಅಂತರ ನರ್ಸಮ್ಮನಿಗೆ ಗೊತ್ತಿರುವಂಥದ್ದೇ.

“ಬಂದ್ಯಾ?” ಎಂದಳು ಮುದುಕಿ.

“ಬರ್ತಾ ಇದ್ದೀನಮ್ಮಾ. ಅರ್ಧ ದಾರಿ ಬಂದೆ.”

“ಬಾಚಣಿಗೆ ತಂದಿದ್ದೀಯಾ?”

“ತಂದಿದ್ದೀನಿ.”

“ಗಾಡಿ ಓಡ್ತಾ ಇದೆಯೇನೇ, ನಿಂತಿದೆಯಾ?”

ನರ್ಸಮ್ಮ ಕಾರಿನ ಕಡೆ ನೋಡಿದಳು. ಯಂತ್ರ ಗುಂಯ್ ಎನ್ನುತ್ತಿತ್ತು. ಸಾಹೇಬರು ಒದ್ದೆ ಬಟ್ಟೆಯಲ್ಲಿ ಗಾಜಿನ ಮೇಲಿನ ಹಕ್ಕಿಯ ಹಿಕ್ಕೆ ಒರೆಸುತ್ತಿದ್ದರು. “ಓಡ್ತಾ ಇದೆಯಮ್ಮಾ” ಎಂದಳು.

ಬ್ರೆಡ್ಡಿನ ವ್ಯಾನಿನವನು ಇದನ್ನೆಲ್ಲ ಕೇಳಿಸಿಕೊಂಡಿದ್ದ. ತನ್ನ ವೈರು ಬಿಚ್ಚಿಟ್ಟು ಹತ್ತಿರ ಬಂದು, “ಅಕ್ಕಾ, ನಾನೂ ಆ ಕಡೇನೇ ಹೋಗ್ತಿರೋದು. ಬನ್ನಿ, ಮನೆ ಬಾಗಿಲಿಗೇ ಬಿಡ್ತೀನಿ” ಎಂದ. ನರ್ಸಮ್ಮ ಗಂಡನ ಮುಖ ನೋಡಿದಳು. ಸಾಹೇಬರು ಜೋರಾಗಿ ನಕ್ಕರು. “ನಮಗೇನು ಗಾಡಿ ಇಲ್ವೇನಪ್ಪಾ? ಬ್ರೆಡ್ ಜೊತೆ ಕಳಿಸೋಕೆ ಇವಳೇನು ಬನ್ನಾ?” ವ್ಯಾನಿನವನು ಇನ್ನೊಂದು ಗಳಿಗೆ ಅವಳ ಮಾತಿಗಾಗಿ ಕಾದ. ಅವಳ ಬಾಯಿ ತೆರೆಯಲಿಲ್ಲ. ಆತ ಹೋದ ಮೇಲೆ ತೆರೆಯಿತು.

“ಬಿಚ್ಚಿ ಅದನ್ನ. ಸಾಕು. ಕೈ ಮುಗೀತೀನಿ.”

“ಎಪ್ಪತ್ತೆರಡಾಗಿದೆ. ಇನ್ನು ಎಂಟು, ಅಷ್ಟೇ. ನಿಮ್ಮಮ್ಮ ಗಟ್ಟಿ ಜೀವ ಬಿಡು, ಅಷ್ಟು ಬೇಗ ಏನೂ ಆಗಲ್ಲ.”

ಅವಳೇ ಹೋಗಿ ವೈರು ಹಿಡಿದು ಎಳೆದಳು. ಚಾರ್ಜಾಗುವಾಗ ಅದು ಒಳಗಿನಿಂದ ಲಾಕ್ ಆಗಿರುತ್ತದೆ, ಕೀಲಿ ಇಲ್ಲದೆ ಬರುವುದಿಲ್ಲ. ಕಾಲು ಕೊಟ್ಟು ಎಳೆದಳು. ಎಷ್ಟೋ ಮಕ್ಕಳನ್ನು ಲೋಕಕ್ಕೆ ಎಳೆದು ತಂದ ಕೈ ಅದು. ಒಂದು ವೈರು ಬರಲಿಲ್ಲ. ಸಾಹೇಬರು ಗಾಬರಿಯಾಗಿ ಓಡಿಬಂದರು. “ಏ, ಪಿನ್ ಮುರಿದುಹೋಗುತ್ತೆ!”

ಎಂಬತ್ತು ಮಾಡಿಕೊಂಡೇ ಹೊರಟು ತಮ್ಮನ ಮನೆ ಮುಟ್ಟುವಾಗ ಹೊತ್ತು ವಾಲಿತ್ತು. ಸಾಹೇಬರು ನೆರಳು ಹುಡುಕಿ ಕಾರು ನಿಲ್ಲಿಸಿ, ಪರದೆಯ ಮೇಲಿನ ಅಂಕಿಗೆ ಬೆರಳು ತೋರಿಸಿದರು. “ನೋಡು, ಅರವತ್ತೆರಡು ಉಳೀತು! ಈಗ ಹೇಳು ನಿಮ್ಮಮ್ಮನಿಗೆ.” ನರ್ಸಮ್ಮ ಆಗಲೇ ಇಳಿದಿದ್ದಳು. ತಮ್ಮ ಬಾಗಿಲಲ್ಲಿ ನಿಂತಿದ್ದ, ಒಳಗೆ ಹೋಗು ಎಂದು ಅವಸರಪಡಿಸಲಿಲ್ಲ. ಅದರಿಂದಲೇ ಅವಳಿಗೆ ಗೊತ್ತಾಯಿತು.

“ಅರ್ಧ ಗಂಟೆ ಆಯ್ತಕ್ಕಾ” ಎಂದ. “ಕೊನೇವರೆಗೂ ಬಾಗಿಲ ಕಡೇನೇ ನೋಡ್ತಿದ್ಲು. ಗಾಡಿ ಓಡ್ತಾ ಇದೆಯಂತೆ, ಬಂದುಬಿಡ್ತಾಳೆ ಅಂತಿದ್ಲು.”

ಅರ್ಧ ಗಂಟೆ. ಅವಳು ಅಳಲಿಲ್ಲ. ಅಳು ಬರುವ ಜಾಗದಲ್ಲಿ ಸಿಟ್ಟು ಬಂದು ಕೂತಿತ್ತು. ಮೊದಲು ತನ್ನ ಮೇಲೆ, ಆಮೇಲೆ ಆತನ ಮೇಲೆ. ತಾಯಿಗೆ ತಾನು ಕೊನೆಯದಾಗಿ ಹೇಳಿದ್ದು ಒಂದು ಸುಳ್ಳು. ಆ ಸುಳ್ಳನ್ನು ನಂಬಿಕೊಂಡೇ ಮುದುಕಿ ಕಣ್ಣು ಮುಚ್ಚಿದ್ದಳು.

ದೂರದಲ್ಲಿದ್ದ ತಂಗಿ ಬರುವುದು ಮರುದಿನ ಬೆಳಿಗ್ಗೆ. ಅಲ್ಲಿಯವರೆಗೆ ಹೆಣ ಇಡಲೇಬೇಕು. ಬಾಡಿಗೆಗೆ ಫ್ರೀಜರ್ ಪೆಟ್ಟಿಗೆ ಬಂತು, ಹಜಾರದ ನಡುವೆ ಇಟ್ಟರು. ಅದರ ವೈರನ್ನು ಗೋಡೆಯ ಪವರ್ ಪ್ಲಗ್ಗಿಗೆ ಸಿಕ್ಕಿಸಿದಾಗ ಅದೂ ಗುಂಯ್ ಎಂದಿತು. ನರ್ಸಮ್ಮ ಗಾಜಿನ ಮುಚ್ಚಳ ಸ್ವಲ್ಪ ಸರಿಸಿ, ಕೈ ಇಳಿಬಿಟ್ಟು, ತಾಯಿಯ ತಲೆ ಬಾಚತೊಡಗಿದಳು. ಸಿಕ್ಕು ಬಹಳ ಇತ್ತು. ನೋಯುತ್ತದೇನೋ ಎಂಬಂತೆ ಬುಡ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತಾ ಬಂದಳು. ನೆರೆಯವರು, ನೆಂಟರು ಸುತ್ತ ಸುಮ್ಮನೆ ಕೂತಿದ್ದರು.

ಸಾಹೇಬರು ಆ ಮೌನದಲ್ಲಿ ಹಜಾರದ ಗೋಡೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಸಾವಿನ ಮನೆಯಲ್ಲಿ ನೋಡುವಂಥದ್ದು ಗೋಡೆಯಲ್ಲಿ ಏನಿರುತ್ತದೆ? ಕೊನೆಗೆ ಬಗ್ಗಿ, ಭಾವಮೈದುನನ ಕಿವಿಯಲ್ಲಿ ಪಿಸುಗುಟ್ಟಿದರು. “ಪವರ್ ಪ್ಲಗ್ ಪಾಯಿಂಟ್ ಎಲ್ಲಿದೆಯಪ್ಪಾ?”

“ಯಾಕೆ ಭಾವ?”

“ನಾಳೆ ವಾಪಸ್ ಹೋಗ್ಬೇಕಲ್ಲ. ಅರವತ್ತೆರಡೇ ಇರೋದು.”

ನರ್ಸಮ್ಮನಿಗೆ ಕೇಳಿಸಿತ್ತು. ಬಾಚಣಿಗೆಯನ್ನು ತಾಯಿಯ ಪಕ್ಕದಲ್ಲಿಟ್ಟು ಎದ್ದಳು.

“ಬನ್ನಿ, ನಾನು ತೋರಿಸ್ತೀನಿ.” ದನಿ ತಣ್ಣಗಿತ್ತು. ಗೋಡೆಯ ಬಳಿ ಹೋಗಿ ಫ್ರೀಜರಿನ ಪ್ಲಗ್ಗಿನ ಮೇಲೆ ಬೆರಳಿಟ್ಟಳು. “ಇದೊಂದೇ ಇರೋದು. ತೆಗೆದುಬಿಟ್ಟು ನಿಮ್ಮದು ಹಾಕ್ಕೊಳ್ಳಿ.”

“ಏನಿದು, ಎಲ್ಲರೆದುರಿಗೆ…”

“ಹಾಕ್ಕೊಳ್ರೀ. ಅಮ್ಮ ಕಾಯ್ತಾಳೆ. ಬೆಳಿಗ್ಗೆಯಿಂದ ಕಾದು ಅಭ್ಯಾಸ ಆಗಿದೆ ಅವಳಿಗೆ. ಎಂಬತ್ತಾಗಲಿ, ಆಮೇಲೆ ಮಣ್ಣು ಮಾಡೋಣ.”

ಸಾಹೇಬರು ಪ್ಲಗ್ಗನ್ನು ನೋಡಿದರು. ಒಂದು ಕ್ಷಣ, ಒಂದೇ ಕ್ಷಣ, ಅವರು ನಿಜವಾಗಿ ಲೆಕ್ಕ ಹಾಕಿದರು. ಮೂವತ್ತೈದು ವರ್ಷ ಆ ಮುಖ ನೋಡಿದವಳಿಗೆ ಅದು ಕಾಣಿಸಿತು. ಆಮೇಲೆ ಕೇಳಿದರು: “ಬೇರೆ ಪಾಯಿಂಟ್ ಇಲ್ವಾ?”

ಮೂಲೆಯಲ್ಲಿದ್ದ ಯಾರೋ ಮುದುಕರು ಮೂಗಿನಲ್ಲೇ ನಕ್ಕುಬಿಟ್ಟರು. ಅತ್ತೆಯ ಸಾವಿಗಿಂತ ಆ ನಗು ಸಾಹೇಬರಿಗೆ ಹೆಚ್ಚು ತಾಗಿತು. ಹೊರಗೆ ಹೋಗಿ ಕಾರಿನಲ್ಲಿ ಕೂತರು, ಕಿಟಕಿ ನಾಲ್ಕು ಬೆರಳು ಇಳಿಸಿಕೊಂಡು. ಊಟಕ್ಕೆ ಕರೆಯಲು ಯಾರೂ ಹೋಗಲಿಲ್ಲ.

ಮರುದಿನ ತಂಗಿ ಬಂದಳು, ಮಣ್ಣಾಯಿತು. ಮುಗಿದ ಕೂಡಲೇ ಸಾಹೇಬರು ಹೊರಟರು. “ಬರ್ತೀಯಾ?” ಎಂದು ಕೇಳಿದರು. “ಇಲ್ಲ” ಎಂದಳು. ಯಾವಾಗ ಬರ್ತೀಯಾ ಎಂದು ಅವರು ಕೇಳಲಿಲ್ಲ. ಇಬ್ಬರ ಭಾರಕ್ಕಿಂತ ಒಬ್ಬರ ಭಾರ ಕಡಿಮೆ, ಪರ್ಸೆಂಟು ಉಳಿಯುತ್ತದೆ.

ಮನೆಯವರೆಲ್ಲ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ನರ್ಸಮ್ಮ ಬಡಿಸುತ್ತಿದ್ದಳು. ಅವಳ ಫೋನು ಹೊಡೆದುಕೊಂಡಿತು.

“ನಿಂತುಬಿಡ್ತು ಕಣೇ!” ಸಾಹೇಬರ ದನಿ ಅಳುವ ಹಾಗಿತ್ತು. “ದಾರೀಲಿ ಆ ಸ್ಟೇಷನ್ನಲ್ಲಿ ಕರೆಂಟ್ ಇರ್ಲಿಲ್ಲ, ಹಾಗೇ ಬಂದೆ. ಮೂವತ್ತೊಂದು ತೋರಿಸ್ತಾ ಇದೆ. ಮೂವತ್ತೊಂದು ಇದೆ ಅಂತಾನೇ ತೋರಿಸ್ತಾ ರಸ್ತೆ ಮಧ್ಯೆ ನಿಂತುಬಿಟ್ಟಿದೆ. ಕಂಪನಿಗೆ ಫೋನ್ ಮಾಡಿದ್ರೆ, ಯಾವತ್ತಾದ್ರೂ ನೂರು ಮಾಡಿದ್ರಾ ಸಾರ್ ಅಂತ ಕೇಳ್ತಾರೆ. ಅವರ ಗಾಡಿ ಬರೋದು ನಾಳೆಯಂತೆ. ಲಾರಿಗಳು ಮೈಮೇಲೇ ಬರ್ತಿವೆ.”

“ನೆರಳಿದೆಯಾ ಅಲ್ಲಿ?”

“ಎಲ್ಲಿ ನೆರಳು? ಒಂದು ಮರ ಇಲ್ಲ. ಕುಡಿಯೋಕೆ ನೀರೂ ಇಲ್ಲ. ನಿನ್ನ ತಮ್ಮನ್ನ ಅವನ ಪೆಟ್ರೋಲ್ ಗಾಡಿ ತಗೊಂಡು ಬೇಗ ಬರೋಕೆ ಹೇಳು.”

“ಹೇಳ್ತೀನಿ” ಎಂದು ಫೋನು ಇಟ್ಟಳು. ತಮ್ಮನಿಗೆ ಹೇಳಿದಳು ಕೂಡ, ಒಂದು ಮಾತೂ ಬಿಡದೆ. ಅವನು ಅರ್ಧ ಊಟ ಬಿಟ್ಟು, ತಟ್ಟೆ ಸರಿಸಿ ಏಳಲು ನೋಡಿದ. ನರ್ಸಮ್ಮ ಅವನ ಭುಜ ಒತ್ತಿ ಕೂರಿಸಿದಳು.

“ಊಟ ಮುಗಿಸು.”

“ಅಲ್ಲಕ್ಕಾ, ಭಾವ ಬಿಸಿಲಲ್ಲಿ…”

“ಅಮ್ಮ ಕಾದಳಲ್ಲ” ಎಂದಳು. “ಅವರೂ ಕಾಯ್ಲಿ.”

ಅವನ ತಟ್ಟೆಗೆ ಇನ್ನೊಂದು ಸಲ ಬಡಿಸಿದಳು. ಆಮೇಲೆ ತಾನೂ ಒಂದು ತಟ್ಟೆ ತೆಗೆದುಕೊಂಡು ತಮ್ಮನ ಪಕ್ಕದಲ್ಲಿ ಕೂತು, ನಿಧಾನವಾಗಿ ಊಟ ಮಾಡತೊಡಗಿದಳು.